ನವಿಲುಹಸಿರಿನ ಮೂರು ಅಂಕಿ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಮೊನ್ನೆ ಬಣ್ಣದ ಮಾದರಿಗಳ ಹಳೆಯ ಶೇಡ್ ಕಾರ್ಡಿನೊಳಗಿಂದ ಒಂದು ಚೀಟಿ ಬಿತ್ತು. ಅದರ ಮೇಲೆ ಮೂರು ಅಂಕಿ: 90, 185, 175.

ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಸೀರೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಕಾರ್ಖಾನೆಯಲ್ಲಿ ಬಣ್ಣ ಕೂಡಿಸುತ್ತಿದ್ದೆ. ದಿನಾ ಬೆಳಿಗ್ಗೆ ಗೋಡೆಗೆ ಒಂದು ಎಕ್ಸೆಲ್ ಹಾಳೆ ಅಂಟಿಸುತ್ತಿದ್ದರು. ಒಂದೊಂದು ಸಾಲೂ ಸೀರೆಗಳ ಒಂದೊಂದು ಲಾಟು. ಸಾಲಿನ ಬಣ್ಣ ನೋಡಿಯೇ ಹಮಾಲರು ಮಾಲು ಎತ್ತುತ್ತಿದ್ದರು. ಹಾಳೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ತಾನಾಗಿ ಬರುತ್ತಿತ್ತು. ಅದನ್ನು ಬರೆದವನು ಕೆಲಸ ಬಿಟ್ಟಿದ್ದ. ಅವನ ಜಾಗಕ್ಕೆ ವಿಜಯಪುರ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಬಂದಿದ್ದಳು.

ಊಟದ ಹೊತ್ತಿಗೆ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂರುತ್ತಿದ್ದೆ. ಅವಳ ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಅಂಕಿ ಕೊಟ್ಟರೆ ಬೇಕಾದ ಬಣ್ಣ ಹುಟ್ಟುತ್ತಿತ್ತು. ಕೆಂಪಿಗೆ ಹಸಿರು ಕೂಡಿದರೆ ಹಳದಿ! ನನ್ನ ತೊಟ್ಟಿಯಲ್ಲಾದರೆ ಕೆಸರು... ಬಿಳಿಯಾಗಿಯೇ ಇರುತ್ತಿದ್ದ 'ಮಾಲು ಸಿದ್ಧ' ಸಾಲಿಗೆ ನವಿಲುಹಸಿರು ಹಾಕು ಅಂದೆ.

"ಹಳೇ ನಮೂನಿ ಫೈಲ್ ಐತ್ರಿ ಕಾಕಾ. ಅದರ ಬಣ್ಣದ ಪೆಟ್ಟಿಗಿಯೊಳಗ ಐವತ್ತಾರ ಬಣ್ಣಕ್ಕಷ್ಟ ಜಾಗಾ. ಹೊಸಾದು ಬೇಕಂದ್ರ ಒಂದನ್ನ ತಗೀಬೇಕು."

"ಆ ತಿಳಿ ಕೇಸರಿ ತಗಿ."

"ಎಲ್ಲೂ ಬಳಕಿ ಇಲ್ಲಲ್ರಿ? ಅದು ಇದ್ದಲ್ಲೆಲ್ಲಾ ನಿಮ್ಮ ನವಿಲ ಬಂದು ಕೂಡ್ತೈತಿ ಮತ್ತ."

"ಇಪ್ಪತ್ತು ವರ್ಷ ಆತು ಇಲ್ಲಿ. ನನಗ ಗೊತ್ತಿಲ್ಲೇನವ್ವಾ?"

ಗೊತ್ತಿತ್ತು, ಮರೆತಿದ್ದೆ. ಅಪರೂಪಕ್ಕೆ ಬಣ್ಣ ಬಿಡುವ ಲಾಟನ್ನು ತಡೆಹಿಡಿದಾಗ ಆ ಸಾಲಿಗೆ ಬರುತ್ತಿದ್ದದ್ದು ಅದೇ ತಿಳಿ ಕೇಸರಿ. ಮುಂದಿನ ವಾರ ಅಂಥದೊಂದು ಲಾಟು ಗೋಡೆಯ ಮೇಲೆ ನವಿಲುಹಸಿರಾಗಿ ನಿಂತಿತು. ಹಮಾಲರು ಟೆಂಪೋಗೆ ಹೇರಿದರು. ಸೀರೆಗಳೆಲ್ಲ ವಾಪಸು ಬಂದವು.

ಕಾರ್ಖಾನೆಯ ಮಾಲೀಕ ಸೇಠ್ ನಮ್ಮಿಬ್ಬರನ್ನೂ ಕರೆಸಿದ. ಕಾಕಾನನ್ನು ಕೇಳಿಯೇ ಬದಲಿಸಿದೆ ಎಂದು ಅವಳು ಹೇಳಿದಳು. ಸೇಠ್ ನನ್ನ ಕಡೆ ನೋಡಿದ.

"ಮೈ ದಸವೀ ಪಾಸ್ ಆದ್ಮೀ, ಸೇಠ್. ಕಂಪ್ಯೂಟರ್ ಮೇರೇಕೋ ಕ್ಯಾ ಮಾಲೂಮ್?" ಅಂದೆ.

ಹತ್ತನೇ ಪಾಸಾದವನಿಗೆ ಕಂಪ್ಯೂಟರ್ ಏನು ಗೊತ್ತು ಎಂಬ ನನ್ನ ಮಾತಿಗೆ ಸೇಠ್ ನಕ್ಕುಬಿಟ್ಟ. ಅವಳು ನನ್ನನ್ನೇ ನೋಡಿದಳು. ಅಷ್ಟು ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು... ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಹೋಗುವಾಗ ನನ್ನ ಮೇಜಿಗೆ ಬಂದು ನವಿಲುಹಸಿರಿನ ಮೂರು ಅಂಕಿ ಬರೆದ ಚೀಟಿ ಇಟ್ಟಳು. "ಮುಂದ ಬರೋರಿಗೆ ಕೊಡ್ರಿ. ನಿಮ್ಮ ಬಣ್ಣ ಛಲೋ ಇತ್ತು, ಕಾಕಾ." ನಾನು ಶೇಡ್ ಕಾರ್ಡ್ ತಿರುವುತ್ತಲೇ ಇದ್ದೆ.

ಅವಳಿಗೆ ಅಲ್ಲೇ ಹತ್ತಿರದ ಮಹಾಪೆಯಲ್ಲಿ ಕೆಲಸ ಸಿಕ್ಕಿದೆ ಎಂದು ಆಮೇಲೆ ಯಾರೋ ಅಂದರು. ಹೋಗಬಹುದಿತ್ತು. ಹೋಗಲಿಲ್ಲ. ಈಗ ಎಲ್ಲಿದ್ದಾಳೋ, ಕೇಳಲು ಆ ಕಾರ್ಖಾನೆಯವರು ಯಾರೂ ಉಳಿದಿಲ್ಲ. ಈಗಿನ ಫೈಲುಗಳಲ್ಲಿ ಹೊಸ ಬಣ್ಣಕ್ಕಾಗಿ ಹಳೆಯದನ್ನು ತೆಗೆಯಬೇಕಿಲ್ಲವಂತೆ. ಅದು ಹೇಗೆ ಎಂದು ಕೇಳಬೇಕೆನಿಸಿದ್ದೂ ಅವಳನ್ನೇ.

ಚೀಟಿಯನ್ನು ನಾನು ಮುಂದೆ ಬಂದವರಿಗೆ ಕೊಡಲಿಲ್ಲ. ಕೊಟ್ಟಿದ್ದರೆ, ಯಾರು ಬರೆದದ್ದು ಎಂದು ಕೇಳುತ್ತಿದ್ದರು. ಹೇಳಬೇಕಾಗುತ್ತಿತ್ತು.

ಬರೆದದ್ದು ರೇಣುಕಾ.