ಹೊರಡುವವರಿಗೆ ಮಜ್ಜಿಗೆ

ಬೈರಕೂರಿನ ಕಡೆ ಊರು ಬಿಟ್ಟು ಹೊರಟವರನ್ನು ಒಣಗಂಟಲಲ್ಲಿ ಕಳಿಸುವ ಪದ್ಧತಿಯೇ ಇಲ್ಲ. ಬಸ್ಸು ಬಂದು ಹಾರನ್ ಬಡಿಯುತ್ತಿದ್ದರೂ ಸರಿ, ಒಂದು ಲೋಟ ಮಜ್ಜಿಗೆ ಕುಡಿಸಿಯೇ ಬಿಡುತ್ತಾರೆ. ಸುಗಟೂರಿನಲ್ಲಿ ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದ ನರ್ಸ್ ಗಂಗರತ್ನಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆ ದಿನ ಅವಳಿಗೆ ಅದು ನೆನಪಾಗಲಿಲ್ಲ. ಆ ಕೊರಗು ಇವತ್ತಿಗೂ ಅವಳನ್ನು ಬಿಟ್ಟಿಲ್ಲ.

ಆ ವರ್ಷದ ಮಳೆಗೆ ಕೆರೆಕಟ್ಟೆ ಒಡೆದು ಹಳ್ಳಿಯ ಎರಡೂ ಕಡೆಯ ರಸ್ತೆ ಕೊಚ್ಚಿಹೋಗಿತ್ತು. ಅಂಜಮ್ಮನ ಮಗ ನಂದೀಶ ಕೊಟ್ಟಿಗೆಯ ಹಸು ಬಿಚ್ಚಲು ಹೋದಾಗ ನೆನೆದ ಮಣ್ಣಿನ ಗೋಡೆ ಅವನ ಮೇಲೆ ಕುಸಿಯಿತು. ಹಸು ಉಳಿಯಿತು. ಅವನ ಸೊಂಟದ ಮೂಳೆ ಮುರಿದು ಒಳಗೊಳಗೇ ರಕ್ತ ಹರಿಯತೊಡಗಿತು. ಆಸ್ಪತ್ರೆಗೆ ನೀರು ನುಗ್ಗಿದ್ದರಿಂದ ಶಾಲೆಯಲ್ಲೇ ಮಲಗಿಸಿದರು. ಹೆಲಿಕಾಪ್ಟರ್ ಬರುವವರೆಗೆ ಜೀವ ಹಿಡಿದಿಟ್ಟರೆ ಬದುಕುತ್ತಾನೆ ಎಂದರು ಡಾಕ್ಟರ್ ಮುರಳಿಮೋಹನ್.

ಗಂಗರತ್ನಮ್ಮ ಹಿಡಿದಿಟ್ಟಳು. ಸೊಂಟಕ್ಕೆ ಬೆಡ್‌ಶೀಟ್ ಬಿಗಿದಳು, ಎರಡು ಕೈಗೂ ಡ್ರಿಪ್ ಹಾಕಿದಳು, ಆಕ್ಸಿಜನ್ ಕೊಟ್ಟಳು, ಮೈ ತಣ್ಣಗಾಗದಂತೆ ಕಂಬಳಿ ಹೊದಿಸಿದಳು. ಅಂಗಾತ ಮಲಗಿಸಿ ಒಯ್ಯುವಾಗ ವಾಂತಿಯಾಗಿ ಉಸಿರಿಗೆ ಸಿಕ್ಕಿಕೊಂಡರೆ ಅಪಾಯ. ಅದಕ್ಕೇ ಬಾಯಿಗೆ ಏನೂ ಹಾಕಬೇಡಿ ಎಂದು ಅಂಜಮ್ಮನಿಗೆ ಒಂದು ಮಾತು ಹೇಳಿದ್ದಳು. ಯಾಕೆಂದು ಬಿಡಿಸಿ ಹೇಳಲು ಪುರುಸೊತ್ತು ಸಿಕ್ಕಲಿಲ್ಲ. ನಾಡಿ ಸುಧಾರಿಸಿತು. ನಂದೀಶ ಕಣ್ಣು ಬಿಟ್ಟು, ಹಸು ಏನಾಯಿತೆಂದು ಕೇಳಿದ.

ಮೋಡ ಸರಿದು ಹೆಲಿಕಾಪ್ಟರಿನ ಸದ್ದು ಕೇಳಿದಾಗ ಗಂಗರತ್ನಮ್ಮ ಮೈದಾನದಲ್ಲಿ ನೆರೆದ ಜನರನ್ನು ಸರಿಸಲು ಓಡಿದಳು. ಅಂಜಮ್ಮನಿಗೆ ಆ ಸದ್ದೂ ಬಸ್ಸಿನ ಹಾರನ್ನೇ. ಮಗ ದೂರ ಹೊರಟಿದ್ದಾನೆ, ಬಾಯಿ ಒಣಗಿದೆ. ಹೆತ್ತ ಕರುಳು ಕೇಳುತ್ತದೆಯೇ? ಪಕ್ಕದ ಮನೆಯಿಂದ ಮಜ್ಜಿಗೆ ತಂದು, ತಲೆ ಎತ್ತಿ ಹಿಡಿದು ಕುಡಿಸಿದಳು. ಆಮೇಲೆ ಅವನ ಬಟ್ಟೆಬರೆ ತರಲು ಮನೆಗೆ ಹೋದಳು.

ಸ್ಟ್ರೆಚರಿಗೆ ಕಟ್ಟಿ ಎತ್ತುವಷ್ಟರಲ್ಲಿ ನಂದೀಶನ ಮುಖ ನೀಲಿಗಟ್ಟಿತು. ಬಾಯಿಂದ ಬಂದದ್ದು ಬೆಳ್ಳಗಿತ್ತು, ಕೊತ್ತಂಬರಿ ಸೊಪ್ಪಿನ ಚೂರುಗಳೂ ಇದ್ದವು. ಗಂಗರತ್ನಮ್ಮ ಅವನನ್ನು ಪಕ್ಕಕ್ಕೆ ಹೊರಳಿಸಿದಳು, ಗಂಟಲು ತೆರವು ಮಾಡಿದಳು, ಉಸಿರು ಕೊಟ್ಟಳು, ಎದೆ ಒತ್ತಿದಳು. ಹೆಲಿಕಾಪ್ಟರಿನಲ್ಲಿ ಬಂದ ಡಾಕ್ಟರೂ ಮಂಡಿಯೂರಿ ಕೂತರು. ರಕ್ತ ಬಸಿದುಹೋದ ಮೈ ಎಷ್ಟು ತಡೆದೀತು? ಕೊನೆಗೆ ಎದೆನೋವಿನ ಮುದುಕರೊಬ್ಬರನ್ನು ಹತ್ತಿಸಿಕೊಂಡು ಹೆಲಿಕಾಪ್ಟರ್ ಹೊರಟುಹೋಯಿತು.

ತಾಯಿಯನ್ನು ಒಳಗೆ ಬಿಡುವ ಮುಂಚೆ ಗಂಗರತ್ನಮ್ಮ ಅವನ ಕೆನ್ನೆ ಕತ್ತು ಒರೆಸಿ ಆ ಬಟ್ಟೆಯನ್ನು ಮುಚ್ಚಿಟ್ಟಳು. ಮುರಳಿಮೋಹನ್ ಅದನ್ನು ನೋಡಿದರು. ರಕ್ತ ಬಹಳ ಹೋಗಿತ್ತು ಎಂದಷ್ಟೇ ಅಂಜಮ್ಮನಿಗೆ ತಿಳಿಸಿದರು, ಅದೇನೂ ಸುಳ್ಳಲ್ಲ.

ನಂದೀಶನ ತಿಥಿಯ ದಿನ ಗಂಗರತ್ನಮ್ಮ ಅಂಜಮ್ಮನ ಮನೆಗೆ ಹೋದಳು. ಇನ್ಯಾವ ತಾಯಿಯೂ ಹೀಗೆ ಮಾಡದಿರಲಿ, ಇದ್ದದ್ದನ್ನು ಹೇಳಿಬಿಡೋಣ ಎಂದುಕೊಂಡೇ ಹೋಗಿದ್ದಳು. ಬಾಯಿ ತೆರೆಯುವ ಮೊದಲೇ ಅಂಜಮ್ಮ ಅವಳ ಕೈ ಹಿಡಿದುಕೊಂಡಳು.

"ಒಣಗಂಟಲಲ್ಲಿ ಹೋಗ್ಲಿಲ್ಲ ಸಿಸ್ಟ್ರಮ್ಮ ನನ್ ಮಗ. ನನ್ ಕೈಯಾರೆ ಮಜ್ಜಿಗೆ ಕುಡಿಸ್ದೆ. ಅದೊಂದೇ ನಂಗೆ ಸಮಾಧಾನ."

ಗಂಗರತ್ನಮ್ಮ ಹೊರಡಲು ಎದ್ದಾಗ ಅಂಜಮ್ಮ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದಳು. ಕೊತ್ತಂಬರಿ ಸೊಪ್ಪು ಮೇಲೇ ತೇಲುತ್ತಿತ್ತು. ಗಂಗರತ್ನಮ್ಮ ನಿಂತಲ್ಲೇ ಅದನ್ನು ಪೂರ್ತಿ ಕುಡಿದಳು.