ಅಳು ಎಣಿಸಿದವಳು

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನಾನು. ಹಾವೇರಿಯ ಕಾಲೇಜಿನಲ್ಲಿ ಸಮಾಜಕಾರ್ಯ ಕಲಿಸಿ ನಿವೃತ್ತಳಾದ ಮೇಲೂ ಊರಿಗೆಲ್ಲ ಬುದ್ಧಿ ಹೇಳುವ ಚಟ ಬಿಟ್ಟಿರಲಿಲ್ಲ. ರಾಣೆಬೆನ್ನೂರು ಕಡೆಯ ಲಂಬಾಣಿ ಹೆಣ್ಣುಮಕ್ಕಳ ಸಣ್ಣ ಸಂಸ್ಥೆಯೊಂದು, ನಮ್ಮ ಕೆಲಸ ಎಷ್ಟರಮಟ್ಟಿಗೆ ಆಗಿದೆ ನೋಡಿ, ಮುಂದಿನ ವರ್ಷದ ಯೋಜನೆ ಹಾಕಿಕೊಡಿ ಎಂದಾಗ ಒಂದೇ ಮಾತಿಗೆ ಹೂಂ ಅಂದೆ.

ಅವರು ಮಾಡುತ್ತಿದ್ದದ್ದು ಇಷ್ಟೇ. ವಾರಕ್ಕೊಮ್ಮೆ ತಾಂಡಾಕ್ಕೆ ಹೋಗಿ ಮನಸ್ಸು ಕುಸಿದ ಹೆಂಗಸರ ಜೊತೆ ಕೂರುವುದು, ಬೇಕಾದವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು. ತಾಂಡಾ ನಾಲ್ಕು, ಕಾರ್ಯಕರ್ತೆ ಒಬ್ಬಳೇ, ಅವಳಿಗೂ ಮೊಣಕಾಲು ನೋವು. ಒಂದು ತಾಂಡಾ ಬಿಡಲೇಬೇಕಿತ್ತು. ಯಾವುದು ಎಂದು ನಾನು ಹೇಳಬೇಕಿತ್ತು.

ಲಂಬಾಣಿ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಬಹಳ ದಿನಕ್ಕೆ ಭೇಟಿಯಾದ ಬಳಗದವರು ಅಪ್ಪಿಕೊಂಡು ರಾಗ ಎಳೆದು ಅಳುತ್ತಾರೆ. ಸತ್ತವರನ್ನು ನೆನೆಯುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ಆಮೇಲೆ ಕಣ್ಣೊರೆಸಿಕೊಂಡು ಚಹಾ ಕುಡಿಯುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು, ಕ್ಲಾಸಿನಲ್ಲಿ ಹೇಳಿಯೂ ಇದ್ದೆ. ಆದರೆ ನಾನು ಹೊತ್ತೊಯ್ದ ಫಾರಂನಲ್ಲಿ, ಕಳೆದ ಹದಿನೈದು ದಿನಗಳಲ್ಲಿ ಎಷ್ಟು ದಿನ ಅತ್ತಿರಿ ಎಂಬ ಪ್ರಶ್ನೆ ಇತ್ತು. ಕಡಿಮೆ ಅತ್ತವರು ಗುಣವಾದವರು ಎಂದು ಲೆಕ್ಕ.

ಕುಪ್ಪೇಲೂರಿನ ಆಚೆಯ ತಾಂಡಾದಲ್ಲಿ ಒಬ್ಬಳಿದ್ದಳು. ಹಿಂದಿನ ವರ್ಷ ಜ್ವರದಲ್ಲಿ ಮಗಳನ್ನು ಕಳೆದುಕೊಂಡವಳು. ಮೊದಲ ಸಲ ಫಾರಂ ಒದ್ದೆಯಾಗುವಷ್ಟು ಅತ್ತಿದ್ದಳು. ಆರು ತಿಂಗಳ ಮೇಲೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಲ್ಲಿ ಸಿಕ್ಕಳು. ಘಾಟಿಗೆ ನನ್ನ ಕಣ್ಣು ಮೂಗು ಸುರಿಯುತ್ತಿದ್ದವು. ಅವಳು ತಲೆ ಎತ್ತದೆ ಕಾಯಿ ಬಿಡಿಸುತ್ತ, ಒಂದು ದಿನವೂ ಅತ್ತಿಲ್ಲ ಎಂದಳು. ಖುಷಿಯಿಂದ ಸೊನ್ನೆ ಬರೆದುಕೊಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾರ್ಯಕರ್ತೆ ನನ್ನ ಪಕ್ಕ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಅವಳೂ ಲಂಬಾಣಿಯವಳೇ.

"ಅಕ್ಕಾರ, ಮೊನ್ನಿ ಆಕಿ ತವರಮನ್ಯಾರು ಬಂದಿದ್ರು. ಅಪ್ಪಿಕೊಂಡ್ರೂ ಆಕಿ ಸುಮ್ಮನ ನಿಂತಿದ್ಲು, ಅಳಲೇ ಇಲ್ಲ. ನನಗ ಅದ ಹೆದರಿಕಿ ಆಗೈತ್ರಿ" ಎಂದಳು.

ಅಳು ನಿಂತರ ಛಲೋ ಆತಲ್ಲ ಎಂದು ಗದರಿದೆ. ಇಷ್ಟು ವರ್ಷ ಪಾಠ ಮಾಡಿದ ನನಗೆ ಇವಳೇನು ಕಲಿಸುವುದು ಎಂಬ ಸೊಕ್ಕು. ಎಲ್ಲಕ್ಕಿಂತ ಹೆಚ್ಚು ಸುಧಾರಿಸಿದ್ದು ಆ ತಾಂಡಾವೇ, ಅಲ್ಲಿಗೆ ಹೋಗುವುದು ನಿಲ್ಲಿಸಬಹುದು ಎಂದು ವರದಿ ಬರೆದೆ. ಸಭೆಯಲ್ಲಿ ಎಲ್ಲರೂ ಒಪ್ಪಿದರು. ಕಾರ್ಯಕರ್ತೆಯೂ ಕೈ ಎತ್ತಿದಳು, ನನ್ನ ಮುಖ ನೋಡದೆ.

ಹೋಗುವುದು ನಿಲ್ಲಿಸಿದ ಎರಡನೇ ತಿಂಗಳಲ್ಲಿ, ಮೆಣಸಿನಕಾಯಿ ಬಿಡಿಸುತ್ತಿದ್ದ ಆಕೆ ತಾನಾಗಿಯೇ ಜೀವ ಕಳೆದುಕೊಂಡಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಬಂದದ್ದು ಬುದ್ಧಿಯೂ ಅಲ್ಲ, ಬರೀ ನಾಚಿಕೆ. ಕಾರ್ಯಕರ್ತೆ ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ, ತಾಂಡಾಕ್ಕೆ ಬರುತ್ತೀರಾ ಎಂದಷ್ಟೇ ಕೇಳಿದಳು.

ಹೋದೆ. ತವರಿನಿಂದ ಬಂದಿದ್ದ ಸತ್ತವಳ ತಾಯಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಬಂದವರನ್ನೆಲ್ಲ ಅಪ್ಪಿಕೊಂಡಂತೆ ನನ್ನನ್ನೂ ಅಪ್ಪಿಕೊಂಡು, ಮಗಳ ಹೆಸರು ಹಿಡಿದು ರಾಗ ಎಳೆದು ಅತ್ತಳು. ವರದಿ ಬರೆದವಳು ನಾನೇ ಎಂದು ಹೇಳಲಾಗಲಿಲ್ಲ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಮುದುಕಿ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು, ಒಣಗಿದ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕಾರ್ಯಕರ್ತೆಯ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು.

"ಈಕಿ ಅಳವಲ್ಲಳವ್ವಾ. ಒಬ್ಬಾಕಿನ್ನ ಮನಿಗೆ ಕಳಸಬ್ಯಾಡ."