ಹೊಗೆ ತಡೆಯುವ ಪೆಟ್ಟಿಗೆ

ಮರುಳಸಿದ್ದಯ್ಯನವರ ಕೆಮ್ಮನ್ನು ನಾನು ಬಹಳ ಕಾಲ ದೊಡ್ಡಸ್ತಿಕೆಯೆಂದೇ ತಿಳಿದಿದ್ದೆ. ನಮ್ಮ ಕಡೆ ಯಜಮಾನರು ಹೊಸಿಲು ದಾಟುವ ಮುನ್ನ ಒಮ್ಮೆ ಕೆಮ್ಮುತ್ತಾರೆ. ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ, ಜಗಲಿಯ ಮೇಲಿನವರು ಎದ್ದು ನಿಲ್ಲಲಿ ಎಂದು. ನಮ್ಮ ತಾತನಂತೂ ಯಾರೂ ಇಲ್ಲದ ಮನೆಗೂ ಕೆಮ್ಮಿಯೇ ಹೋಗುತ್ತಿದ್ದ. ಹಾಗಾಗಿ ತಿಪಟೂರಿನ ನಮ್ಮ ಕೊಬ್ಬರಿ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದ ಮರುಳಸಿದ್ದಯ್ಯ, ಕಂಪ್ಯೂಟರ್ ಕೋಣೆಗೆ ಬಡ್ತಿ ಪಡೆದ ಮೇಲೆ ಆಡಳಿತ ಮಂಡಳಿಯ ಸಭೆಗೆ ಕೆಮ್ಮುತ್ತಾ ಬರತೊಡಗಿದಾಗ, ಎಸಿಯ ತಂಪು ತಲೆಗೇರಿದೆ ಎಂದುಕೊಂಡೆ. ನಿರ್ದೇಶಕನಾದ ನಾನೇ ಸದ್ದಿಲ್ಲದೆ ಬಂದು ಬೋಂಡಾದ ತಟ್ಟೆಯ ಹತ್ತಿರ ಕೂರುತ್ತಿದ್ದೆನಲ್ಲ.

ಆ ಕೋಣೆ ಸಾಮಾನ್ಯದ್ದಲ್ಲ. ಎರಡು ಸಾವಿರದ ಐದರ ಸುಮಾರಿಗೆ ತುರುವೇಕೆರೆ, ಮಾಯಸಂದ್ರ, ಹುಳಿಯಾರು ಶಾಖೆಗಳ ಲೆಕ್ಕವೆಲ್ಲ ತಂತಿಯ ಮೇಲೆ ತಿಪಟೂರಿಗೆ ಬಂದು ಸೇರುವ ಏರ್ಪಾಡಾಯಿತು. ಕೆಲವು ಕಂಪ್ಯೂಟರು, ಒಂದು ಎಸಿ, ಬಾಗಿಲಿಗೆ ‘ಡೇಟಾ ಸೆಂಟರ್’ ಎಂಬ ಗ್ರಾನೈಟ್ ಫಲಕ. ಫಲಕದಲ್ಲಿ ಅಧ್ಯಕ್ಷ ತೋಂಟದಾರ್ಯರ ಹೆಸರು ಸೆಂಟರಿಗಿಂತ ದೊಡ್ಡದಾಗಿತ್ತು. ಜಾಗವೂ ಅವರದೇ. ತಮ್ಮ ಕೊಬ್ಬರಿ ಗೋಡೌನಿನ ಒಂದು ಮೂಲೆಗೆ ಗೋಡೆ ಎಬ್ಬಿಸಿ ಕೊಟ್ಟಿದ್ದರು. ಗೋಡೆಯ ಆಚೆ ಬಾಂಡ್ಲಿಯಲ್ಲಿ ಗಂಧಕ ಸುಟ್ಟು ಕೊಬ್ಬರಿಗೆ ಹೊಗೆ ಕೊಡಿಸುತ್ತಿದ್ದರು. ಹಾಗೆ ಮಾಡಿದರೆ ಕೊಬ್ಬರಿಗೆ ಬೂಷ್ಟು ಹಿಡಿಯುವುದಿಲ್ಲ, ಬಣ್ಣವೂ ಬೆಳ್ಳಗಾಗುತ್ತದೆ. ಆದರೆ ಗೋಡೆ ಸೂರಿನವರೆಗೆ ಮುಟ್ಟಿರಲಿಲ್ಲ. ಮೇಲೆ ಕೈ ತೂರುವಷ್ಟು ಸಂದು ಉಳಿದಿತ್ತು. ಆ ಸಂದಿಯ ಕೆಳಗೇ ಮರುಳಸಿದ್ದಯ್ಯನವರ ಕುರ್ಚಿ.

ಕೋಣೆಯ ತಂತಿಗಳೆಲ್ಲ ಬಂದು ಸೇರುವ ಚಪ್ಪಟೆ ಪೆಟ್ಟಿಗೆಯೊಂದಿತ್ತು. ಅದಕ್ಕೆ ಸ್ವಿಚ್ ಎನ್ನುತ್ತಾರೆ. ಯಾವ ಶಾಖೆಯ ಲೆಕ್ಕ ಯಾವ ಕಂಪ್ಯೂಟರಿಗೆ ಹೋಗಬೇಕೆಂದು ದಾರಿ ತೋರಿಸುವುದು ಅದರ ಕೆಲಸ. ಮೊದಲು ಹಾಕಿದ್ದು ನಿಧಾನವಾಯಿತೆಂದು ಹೊಸ ನಮೂನೆಯದನ್ನು ತಂದೆವು. ಅದು ಮಳೆಗಾಲ ದಾಟಲಿಲ್ಲ. ಅದರ ಜಾಗಕ್ಕೆ ಬಂದದ್ದು ದೀಪಾವಳಿ ಕಾಣಲಿಲ್ಲ. ಮಾಯಸಂದ್ರದಲ್ಲಿ ಜನ ಕೌಂಟರಿನ ಮುಂದೆ ನಿಂತು ಕೂಗಾಡಿದ ಮೇಲೆ, ಪೆಟ್ಟಿಗೆ ಮಾರಿದ ಕಂಪನಿಯಿಂದ ಜ್ಞಾನೇಶ್ ಎಂಬ ಇಂಜಿನಿಯರ್ ಬಂದ. ಸತ್ತ ಸ್ವಿಚ್ಚನ್ನು ಸಭೆಯ ಮೇಜಿನ ಮೇಲಿಟ್ಟು, ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆಲ್ಲ ಕಪ್ಪು ಬೂಸಲು.

“ಇಲ್ಲಿ ಹತ್ತಿರದಲ್ಲಿ ಎಲ್ಲಾದ್ರೂ ಗಂಧಕ ಸುಡ್ತಾರಾ?” ಎಂದ.

ನಾವೆಲ್ಲ ಅಧ್ಯಕ್ಷರನ್ನು ನೋಡಿದೆವು. ಅಧ್ಯಕ್ಷರು ಫ್ಯಾನು ನೋಡಿದರು.

ಜ್ಞಾನೇಶ್ ಬಿಡಿಸಿ ಹೇಳಿದ. ಹಳೆಯ ಸ್ವಿಚ್ಚುಗಳ ಒಳಗೆ ಸೀಸ ಬೆರೆಸಿದ ಬೆಸುಗೆಯ ಲೇಪವಿರುತ್ತಿತ್ತು, ಅದು ಗಂಧಕದ ಹೊಗೆಗೆ ಅಷ್ಟಾಗಿ ಜಗ್ಗುತ್ತಿರಲಿಲ್ಲ. ಸೀಸ ಮನುಷ್ಯರ ಆರೋಗ್ಯಕ್ಕೆ ಕೆಟ್ಟದ್ದೆಂದು ಹೊರದೇಶದವರು ಕಾನೂನು ಮಾಡಿದ್ದರಿಂದ ಈ ಹೊಸದರಲ್ಲಿ ಬೆಳ್ಳಿಯ ಲೇಪ ಬಂದಿದೆ. ಪೂಜೆಯ ಬೆಳ್ಳಿ ಬಟ್ಟಲು ಕಪ್ಪಾಗುವಂತೆ ಇದೂ ಕಪ್ಪಾಗಿ ಸಾಯುತ್ತದೆ.

“ಎರಡೇ ದಾರಿ ಸಾರ್. ಹೊಸ ಸ್ವಿಚ್ಚೇ ಬೇಕು ಅಂದ್ರೆ ಹೊಗೆ ನಿಲ್ಲಿಸ್ಬೇಕು, ಇಲ್ಲಾ ಈ ಕೋಣೆ ಬೇರೆ ಕಡೆ ಹೋಗ್ಬೇಕು. ಅದು ಆಗಲ್ಲ ಅಂದ್ರೆ ಎಲ್ಲಾದ್ರೂ ಹಳೇ ಮಾಡೆಲ್ ಹುಡುಕಿ ಹಾಕಣ. ಸ್ಪೀಡ್ ಕಮ್ಮಿ. ಆದ್ರೆ ತಡ್ಕಳತ್ತೆ.”

ಬಾಗಿಲ ಬಳಿ ನಿಂತಿದ್ದ ಮರುಳಸಿದ್ದಯ್ಯ ಕೆಮ್ಮಿದರು. ಹೊಗೆಯ ಹತ್ತಿರ ಸುಳಿಯಬೇಡಿ ಎಂದು ತುಮಕೂರಿನ ಡಾಕ್ಟರು ಅವರಿಗೆ ಆಗಲೇ ಹೇಳಿ ಕಳಿಸಿದ್ದರಂತೆ. ಹೊಸದನ್ನು ಆರಿಸಿದರೆ ಅವರು ಉಸಿರಾಡಬಹುದಿತ್ತು.

“ಹೊಸ್ದೇ ತಗಳ್ಳಿ ಸಾರ್,” ಎಂದರು. ಅಷ್ಟಕ್ಕೇ ದಮ್ಮು ಕಟ್ಟಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ನಿಂಗೂ ಹೊಸ ಮಾಡೆಲ್ ಶೋಕಿ ಹತ್ತಿತೇನಯ್ಯ?” ಎಂದರು ತೋಂಟದಾರ್ಯರು. ಸಭೆ ನಕ್ಕಿತು. “ಹೊಗೆ ನಿಲ್ಸಿದ್ರೆ ಕೊಬ್ರಿ ಕೆಂಪಾಗ್ತದೆ. ಕೆಂಪು ಕೊಬ್ರಿ ನಿಮ್ಮಪ್ಪ ತಗತಾನಾ?”

“ಹಂಗಾರೆ ಕೋಣೆನಾದ್ರೂ…”

“ಕೋಣೆ ಕಿತ್ರೆ ಆ ಕಲ್ಲೂ ಕೀಳ್ಬೇಕು. ಮಂತ್ರಿ ಕೈಲಿ ಉದ್ಘಾಟನೆ ಮಾಡ್ಸಿದ್ದು ಕಣಯ್ಯ ಅದು. ಬುಡು. ಹಳೇದ್ನೇ ಹಾಕ್ಸಣ. ನೀನೂ ಹಳೇ ಮಾಡೆಲ್ಲೇ, ತಡ್ಕತೀಯ.”

ಇದು ಆ ದಿನದ ಒಳ್ಳೆಯ ಮಾತೆಂದು ಮತ್ತೊಮ್ಮೆ ನಗು ಎದ್ದಿತು. ನಿರ್ಣಯಕ್ಕೆ ಎಲ್ಲರ ಕೈಯೂ ಮೇಲೆದ್ದಿತು. ಬೋಂಡಾ ಬಿಸಿಯಾಗಿತ್ತು.

ಹಳೆಯ ಸ್ವಿಚ್ಚು ಬೆಂಗಳೂರಿನ ಯಾವುದೋ ಗುಜರಿಯಿಂದ ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದು ಕೂರಿಸಿದರು. ಅದರ ಹಸಿರು ದೀಪ ಒಂದು ದಿನವೂ ಆರಲಿಲ್ಲ. ಪೆಟ್ಟಿಗೆ ಕೆಡುತ್ತದೆಂಬ ಅಂಜಿಕೆ ಹೋದದ್ದರಿಂದ ಆಚೆಯ ಬಾಂಡ್ಲಿಗಳೂ ಹೆಚ್ಚಿದವು. ಬಂದವರಿಗೆಲ್ಲ ಅಧ್ಯಕ್ಷರು ಆ ಪೆಟ್ಟಿಗೆ ತೋರಿಸಿ, “ಆಯ್ಕೆ ಮಾಡೋಕೂ ಕಣ್ಣಿರ್ಬೇಕು ಕಣ್ರೀ,” ಎನ್ನುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಮರುಳಸಿದ್ದಯ್ಯ ಬಾಯಿಗೆ ಟವೆಲು ಒತ್ತಿಕೊಂಡು ಕೂತಿರುತ್ತಿದ್ದರು. ಆ ಚಳಿಗಾಲ ಕುರ್ಚಿ ಖಾಲಿಯಾಯಿತು.

ಸಂಘದ ಪರವಾಗಿ ಸನ್ಮಾನಿಸಿ ಬರಲು ನನ್ನನ್ನು ಅವರ ಊರಾದ ದಂಡಿನಶಿವರಕ್ಕೆ ಕಳಿಸಿದರು. ಜೊತೆಗೆ ಒಂದು ಶಾಲು, ‘ಸಹಕಾರ ಸೇವಾ ಧುರೀಣ’ ಎಂದು ಕೊರೆದ ಫಲಕ. ಮರುಳಸಿದ್ದಯ್ಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಮಲಗಿದರೆ ಉಸಿರು ನಿಲ್ಲುತ್ತದೆಂದು ನಿದ್ದೆಯೂ ಕೂತೇ ಆಗಬೇಕಂತೆ. ಎದೆಗೂಡು ಏರುವುದು, ಇಳಿಯುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ನಾನು ಶಾಲು ಹೊದಿಸಿದೆ. ಗೋಡೌನಿನ ಆಫೀಸಿನಲ್ಲಿ ಇಟ್ಟಿದ್ದ ಶಾಲು ಅದು. ಗಂಧಕದ ವಾಸನೆ ಹಿಡಿದಿತ್ತು. ಅವರಿಗೆ ಕೆಮ್ಮು ಕಿತ್ತುಕೊಂಡು ಬಂತು. ಹೆಂಡತಿ ಶಾಂತಕುಮಾರಿ ಶಾಲು ತೆಗೆದು, ಹೊರಗೆ ಬಟ್ಟೆ ಒಣಗಿಸುವ ತಂತಿಗೆ ಹಾಕಿ ಬಂದರು.

ಫಲಕ ಎಲ್ಲಿಡಬೇಕೆಂದು ತಿಳಿಯದೆ ನಾನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಏನಾದರೂ ಮಾತಾಡಬೇಕಿತ್ತು.

“ಅಲ್ಲ ಮರುಳಸಿದ್ದಯ್ಯನವರೇ, ಎದೆಗೆ ಹೊಗೆ ಆಗಿಬರ್ತಾ ಇಲ್ಲ ಅಂತ ನಮಗೆ ಒಂದು ಮಾತು ಮೊದಲೇ ಹೇಳಬಾರದಿತ್ತಾ?”

ಅವರು ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

“ಕೆಮ್ತಾನೇ ಇದ್ನಲ್ರೀ,” ಎಂದರು. “ಇನ್ನೆಂಗೆ ಹೇಳ್ಬೇಕಿತ್ತು?”